ಬುಲ್ ತಳಿಯ ನಾಯಿ ತರುವ ಮೊದಲು ಅಂಗಳಕ್ಕೆ ಬರುವವರ ಲೆಕ್ಕ ಹಾಕಿ

ಮರಿ ನೋಡಲು ಹೋಗುವ ಮೊದಲು ಒಂದು ಕೆಲಸ ಮಾಡಿ. ಒಂದು ವಾರ ನಿಮ್ಮ ಅಂಗಳಕ್ಕೆ ಯಾರೆಲ್ಲ ಬರುತ್ತಾರೆ ಅಂತ ಚೀಟಿಯಲ್ಲಿ ಬರೆದಿಡಿ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಸುತ್ತ ಅಡಿಕೆ ತೋಟ. ನನ್ನ ಚೀಟಿಯಲ್ಲಿ ಇದ್ದವರು ಇವರು: ಹಾಲಿಗೆ ಬರುವ ಹುಡುಗಿ, ತೋಟದ ಕೆಲಸದ ಇಬ್ಬರು, ಗ್ಯಾಸ್ ತರುವವರು, ಮೀಟರ್ ನೋಡುವವರು, ಪಕ್ಕದ ಮನೆಯ ಬೆಕ್ಕು, ಆಚೆ ಮನೆಯ ಎರಡು ಊರು ನಾಯಿ, ಮೇಯಲು ಬಿಟ್ಟ ದನ, ಶಾಲೆಗೆ ಅಡ್ಡದಾರಿಯಲ್ಲಿ ಹೋಗುವ ಐದಾರು ಮಕ್ಕಳು. ಇವರ್ಯಾರೂ ಹೊರಗೆ ನಿಂತು ಕರೆಯುವುದಿಲ್ಲ, ನೇರ ಒಳಗೆ ಬರುತ್ತಾರೆ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಗೇಟೇ ಇಲ್ಲ, ಅಲ್ವಾ?

ಈ ಚೀಟಿ ನಾನು ಬರೆದದ್ದು ತಡವಾಗಿ, ಮೊದಲ ನಾಯಿ ಬಂದು ಎರಡು ವರ್ಷ ಆದ ಮೇಲೆ. ಬಿಳಿ ಬುಲ್ ಟೆರಿಯರ್, ಹೆಸರು ಬೊಳ್ಳ. ಮಕ್ಕಳ ಮಡಿಲಲ್ಲಿ ಮಲಗುತ್ತಿದ್ದ, ಬಂದವರ ಕಾಲಿಗೆಲ್ಲ ಮೈ ಉಜ್ಜುತ್ತಿದ್ದ. ಇಷ್ಟು ಸಾಧು ನಾಯಿಗೆ ಬೇಲಿ ಯಾಕೆ ಅಂತ ಬಿಟ್ಟಿದ್ದೆ. ಒಂದು ದಿನ ಆಚೆ ಮನೆಯ ನಾಯಿ ಅಂಗಳ ದಾಟುವಾಗ ಹೋಗಿ ಕುತ್ತಿಗೆಗೆ ಬಾಯಿ ಹಾಕಿದ. ಬಿಡಿಸಲು ನಾವು ಮೂವರು ಬೇಕಾಯಿತು. ಆ ನಾಯಿ ಬದುಕಿತು, ಹೊಲಿಗೆಯ ಖರ್ಚು ನಾನೇ ಕೊಟ್ಟೆ. ಆದರೆ ಆ ಮನೆಯ ಅಜ್ಜಿ ಎಷ್ಟೋ ತಿಂಗಳು ನಮ್ಮ ದಾರಿಯಲ್ಲಿ ಬರಲಿಲ್ಲ. ತಪ್ಪು ಬೊಳ್ಳನದಲ್ಲ, ಅವನ ತಳಿ ಎಂಥದು ಅಂತ ತಿಳಿದುಕೊಳ್ಳದ ನನ್ನದು.

ತಳಿಯ ಕಥೆ ಸ್ವಲ್ಪ ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿ ಬಿಡುವ ಆಟ ಇತ್ತು, 1835ರಲ್ಲಿ ಕಾನೂನು ತಂದು ಅದನ್ನು ನಿಲ್ಲಿಸಿದರು. ಆ ನಾಯಿಗಳಿಗೆ ಟೆರಿಯರ್ ಬೆರೆಸಿ, ನಾಯಿಗೂ ನಾಯಿಗೂ ಜಗಳ ಹಚ್ಚುವ ಆಟಕ್ಕೆ ಇನ್ನೊಂದು ಬಗೆಯ ನಾಯಿ ಮಾಡಿದರು. ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್, ಬುಲ್ ಟೆರಿಯರ್, ಪಿಟ್ ಬುಲ್ ಎಲ್ಲ ಆ ಸಂತಾನ. ಜಗಳದ ನಡುವೆ ಕೈ ಹಾಕಿ ತನ್ನ ನಾಯಿಯನ್ನು ಎತ್ತಿಕೊಳ್ಳಬೇಕಾದವನಿಗೆ ಮನುಷ್ಯನನ್ನು ಕಚ್ಚುವ ನಾಯಿ ಬೇಡವಾಗಿತ್ತು. ಹಾಗಾಗಿ ಇವುಗಳಲ್ಲಿ ಮನುಷ್ಯರ ಮೇಲೆ ಅತಿಯಾದ ಪ್ರೀತಿ, ಬೇರೆ ಪ್ರಾಣಿ ಕಂಡರೆ ಬಿಡದ ಹಠ, ಎರಡೂ ಒಟ್ಟಿಗೆ ಇರುವುದು ಸಾಮಾನ್ಯ. ಕಳ್ಳನಿಗೆ ಹೆದರಿ ತಂದ ಬುಲ್ ಟೆರಿಯರ್ ಕಳ್ಳನ ಕೈ ನೆಕ್ಕಿದರೂ ನೆಕ್ಕೀತು, ಪಕ್ಕದ ಮನೆಯ ಬೆಕ್ಕನ್ನು ಬಿಡಲಿಕ್ಕಿಲ್ಲ. ಕಚ್ಚಿದರೆ ದವಡೆಗೆ ಬೀಗ ಬೀಳುತ್ತದೆ ಅನ್ನುತ್ತಾರಲ್ಲ, ಅದು ಸುಳ್ಳು. ದವಡೆ ಎಲ್ಲ ನಾಯಿಯ ಹಾಗೆಯೇ, ಬಿಡುವ ಮನಸ್ಸು ಇರುವುದಿಲ್ಲ ಅಷ್ಟೇ.

ಇನ್ನು ಯಾವುದನ್ನು ತರುವುದು? ಎಲ್ಲ ಬುಲ್ ತಳಿಯೂ ಒಂದೇ ಅಲ್ಲ. ಇಂಗ್ಲಿಷ್ ಬುಲ್‌ಡಾಗ್ ಮತ್ತು ಫ್ರೆಂಚ್ ಬುಲ್‌ಡಾಗ್ ಜಗಳಕ್ಕೆ ಹೋಗುವುದು ಕಡಿಮೆ, ಆದರೆ ಚಪ್ಪಟೆ ಮೂಗು. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಕರಾವಳಿಯ ಹಸಿ ಗಾಳಿಯಲ್ಲಿ ಸರಿ ಮೂಗಿನ ನಾಯಿಗೇ ಅದು ಕಷ್ಟ, ಇವುಗಳಿಗೆ ಏಪ್ರಿಲ್ ಮೇ ತಿಂಗಳಲ್ಲಿ ಜೀವ ಹೋಗುವಷ್ಟು ಕಷ್ಟ. ಇಂಗ್ಲಿಷ್ ಬುಲ್‌ಡಾಗ್‌ಗೆ ಹೆರಿಗೆಯೂ ಹೆಚ್ಚಾಗಿ ಸಿಸೇರಿಯನ್ನೇ. ಎ.ಸಿ. ಹಾಕಿದ ಕೋಣೆ ಕೊಡಲು ಆಗದಿದ್ದರೆ ದಯವಿಟ್ಟು ಇವನ್ನು ತರಬೇಡಿ. ಬಾಕ್ಸರ್ ಒಳ್ಳೆಯ ಮನೆ ನಾಯಿ, 25ರಿಂದ 32 ಕಿಲೋ, ಮಕ್ಕಳ ಹಾಗೆ ಕುಣಿಯುತ್ತದೆ, ಆದರೆ ಹೃದಯದ ತೊಂದರೆ ಮತ್ತು ಗಡ್ಡೆಗಳು ಜಾಸ್ತಿ. ಬುಲ್‌ಮಾಸ್ಟಿಫ್ ಮಾತ್ರ ನಿಜವಾದ ಕಾವಲಿನ ತಳಿ, ಗಂಡು 50 ಕಿಲೋ ದಾಟುತ್ತದೆ. ಅದು ಎಳೆದರೆ ಹಿಡಿದು ನಿಲ್ಲಿಸುವ ಕೈ ಮನೆಯಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ ಕೇಳಿಕೊಳ್ಳಿ. ಮಕ್ಕಳಿರುವ ಮನೆಗೆ, ಬೇರೆ ನಾಯಿ ಬೆಕ್ಕು ಇಲ್ಲದಿದ್ದರೆ, ನಾನು ಹೇಳುವುದು ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್. 11ರಿಂದ 17 ಕಿಲೋ ತೂಕ, ಮೂಗು ತಕ್ಕಮಟ್ಟಿಗೆ ಉದ್ದ, ಮನುಷ್ಯರೆಂದರೆ ಪ್ರಾಣ. ಈಗ ನಮ್ಮಲ್ಲಿ ಇರುವುದೂ ಅದೇ, ಕಂದು ಬಣ್ಣದ ಹೆಣ್ಣು. ಇನ್ನು ಹಟ್ಟಿಯಲ್ಲಿ ಕರು ಇದ್ದು ಅಂಗಳದಲ್ಲಿ ಕೋಳಿ ಓಡಾಡುತ್ತಿದ್ದರೆ ಊರು ನಾಯಿಯ ಮರಿಯೇ ಸಾಕು. ಅದರಲ್ಲಿ ಕಡಿಮೆ ಏನೂ ಇಲ್ಲ.

ಮಾರುವವರ ಹತ್ತಿರ ಹೋದಾಗ ತಾಯಿಯನ್ನು ತೋರಿಸಿ ಅನ್ನಿ. ತೋರಿಸದಿದ್ದರೆ ವಾಪಸ್ ಬನ್ನಿ, ಎಷ್ಟು ದೂರ ಹೋಗಿದ್ದರೂ ಸರಿ. ತಾಯಿ ನಿಮ್ಮನ್ನು ಕಂಡು ಬಾಲ ಆಡಿಸುತ್ತಾ ಬರುತ್ತದಾ, ಮೂಲೆಗೆ ಸರಿಯುತ್ತದಾ, ಅದು ಮರಿಯ ಬಗ್ಗೆ ತುಂಬ ಹೇಳುತ್ತದೆ. 2017ರ ನಾಯಿ ಸಂತಾನೋತ್ಪತ್ತಿ ನಿಯಮದ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿರಬೇಕು, ಎಂಟು ವಾರ ಆಗದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಕಾಗದ ಕೇಳಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಇದ್ದರೆ ಅದು ವಂಶ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಬೊಳ್ಳನಿಗೆ ಆ ಕಾಗದ ಇತ್ತು, ಒಂದು ಕಿವಿ ಮಾತ್ರ ಕೇಳುತ್ತಿರಲಿಲ್ಲ. ಬಿಳಿ ಬುಲ್ ಟೆರಿಯರ್‌ಗಳಲ್ಲಿ ಕಿವುಡು ಜಾಸ್ತಿ ಅಂತ ಮಾರಿದವರಿಗೆ ಗೊತ್ತಿತ್ತು, ಹೇಳಲಿಲ್ಲ. ಮರಿ ನಿದ್ದೆ ಮಾಡುವಾಗ ಹಿಂದಿನಿಂದ, ಗಾಳಿ ತಾಗದ ಹಾಗೆ, ಬೀಗದ ಕೈ ಗೊಂಚಲು ಅಲ್ಲಾಡಿಸಿ ನೋಡಿ. ಒಂದು ಕಿವಿಯ ದೋಷ ಇದರಲ್ಲಿ ಗೊತ್ತಾಗುವುದಿಲ್ಲ, ಪೂರ್ತಿ ಕಿವುಡು ಗೊತ್ತಾಗುತ್ತದೆ. ಕಿವಿ ಕತ್ತರಿಸಿ ಚೂಪು ಮಾಡಿದ ಮರಿಯನ್ನು ತರಲೇಬೇಡಿ. ಚಂದಕ್ಕೆ ಅಂತ ನೋವು ಕೊಡುವವರ ಕೈಗೆ ದುಡ್ಡು ಹೋಗಬಾರದು.

ಕಾನೂನಿನ ವಿಷಯದಲ್ಲಿ ನಮ್ಮವರಿಗೆ ಗೊಂದಲ ಇದೆ, ಯಾಕೆಂದರೆ ನಾವು ಓದುವ ಪೇಪರ್ ಮಂಗಳೂರಿನದು, ಇರುವುದು ಕೇರಳದಲ್ಲಿ. 2024ರ ಮಾರ್ಚ್‌ನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ ಪಿಟ್ ಬುಲ್, ಅಮೆರಿಕನ್ ಬುಲ್‌ಡಾಗ್, ರಾಟ್‌ವೈಲರ್ ಸೇರಿ 23 ತಳಿಗಳನ್ನು ತರಿಸುವುದು, ಮಾರುವುದು, ಮರಿ ಮಾಡಿಸುವುದು ನಿಲ್ಲಿಸಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ಸುದ್ದಿ ಓದಿ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ, ಗಡಿಯ ತಲಪಾಡಿಯಿಂದ ಈಚೆ, ಕೇರಳಕ್ಕೆ, ಹೈಕೋರ್ಟ್ ಬೇರೆ. ಮರಿಗೆ ಮುಂಗಡ ಕೊಡುವ ಮೊದಲು ನಿಮ್ಮ ಪಂಚಾಯತಿಗೂ ಸರಕಾರಿ ಪಶು ಆಸ್ಪತ್ರೆಗೂ ಹೋಗಿ ಆ ತಳಿಯ ಹೆಸರು ಹೇಳಿ ಕೇಳಿ. ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿ ಲೈಸೆನ್ಸ್ ಬೇಕು, ಇದು 1998ರ ನಿಯಮ. ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆಯ ಸರ್ಟಿಫಿಕೇಟ್ ಕೊಡಬೇಕು. ನಿಮ್ಮ ಅಜಾಗ್ರತೆಯಿಂದ ನಾಯಿ ಯಾರಿಗಾದರೂ ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮರಿ ಮನೆಗೆ ಬಂತು ಅಂತ ಇಟ್ಟುಕೊಳ್ಳಿ. ಮೊದಲ ಎರಡು ತಿಂಗಳು ಎಲ್ಲಕ್ಕಿಂತ ಮುಖ್ಯ. ಮೂರೂವರೆ ತಿಂಗಳೊಳಗೆ ಮರಿ ಏನೆಲ್ಲ ನೋಡುತ್ತದೋ ಅದಕ್ಕೆಲ್ಲ ಮುಂದೆ ಹೆದರುವುದು ಕಡಿಮೆ. ಆದರೆ ಅಷ್ಟರಲ್ಲಿ ಲಸಿಕೆಗಳು ಮುಗಿದಿರುವುದಿಲ್ಲ, ಮರಿಗಳ ಜೀವ ತೆಗೆಯುವ ಪಾರ್ವೊ ಎಂಬ ವೈರಸ್ ರೋಗದ ಭಯ ಇರುತ್ತದೆ. ಅದಕ್ಕೆ ನೆಲಕ್ಕೆ ಬಿಡದೆ ಎತ್ತಿಕೊಂಡು ಹೋಗಿ. ಕುಂಬಳೆ ಪೇಟೆಯಲ್ಲಿ ಬಸ್ಸು, ಹೆಲ್ಮೆಟ್ ಹಾಕಿದವರು, ಕೊಡೆ ಬಿಡಿಸುವವರು, ಮದರಸಕ್ಕೆ ಹೋಗುವ ಮಕ್ಕಳು, ಬಿಳಿ ಮುಂಡು ಉಟ್ಟವರು, ದೇವಸ್ಥಾನದ ಚೆಂಡೆ, ಎಲ್ಲ ದೂರದಿಂದ ನೋಡಲಿ, ಕೇಳಲಿ, ಒಂದೊಂದಕ್ಕೂ ಒಂದು ಚೂರು ಬೇಯಿಸಿದ ಮೊಟ್ಟೆಯೋ ಬಾಳೆಹಣ್ಣೋ ಸಿಗಲಿ. ಚೀಟಿಯಲ್ಲಿದ್ದ ಮನುಷ್ಯರೆಲ್ಲರ ಕೈಯಿಂದ ಅದಕ್ಕೆ ತಿಂಡಿ ಕೊಡಿಸಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಮತ್ತೆ ಡಾಕ್ಟರು ಹೇಳಿದ ಹಾಗೆ, ಪ್ರತಿ ವರ್ಷ ತಪ್ಪದೆ. ಹೊಡೆದು ಕಲಿಸಬೇಡಿ. ಬುಲ್ ತಳಿಗೆ ಪೆಟ್ಟು ತಾಗುವುದೇ ಇಲ್ಲ ಅನ್ನುವಷ್ಟು ಗಟ್ಟಿ ಮೈ, ಆದರೆ ಮನಸ್ಸು ಮೆತ್ತಗೆ. ಹೊಡೆದರೆ ನಿಮ್ಮನ್ನು ನಂಬುವುದು ಬಿಟ್ಟುಬಿಡುತ್ತದೆ.

ಸಂಕೋಲೆಯಲ್ಲಿ ಕಟ್ಟಿ ಹಾಕಿ ರಾತ್ರಿ ಬಿಡುವುದು ನಮ್ಮೂರಿನ ಪದ್ಧತಿ. ಈ ನಾಯಿಗೆ ಅದು ಬೇಡವೇ ಬೇಡ. ಮನುಷ್ಯರ ಜೊತೆ ಇರಲೇಬೇಕಾದ ನಾಯಿ ಇದು, ಕಟ್ಟಿ ಹಾಕಿದರೆ ದಾಟುವ ಪ್ರತಿಯೊಬ್ಬರ ಮೇಲೂ ಸಿಟ್ಟು ಬೆಳೆಸಿಕೊಳ್ಳುತ್ತದೆ. ಬುಲ್ ಟೆರಿಯರ್ ಆದರೆ ತನ್ನ ಬಾಲದ ಹಿಂದೆ ತಾನೇ ಗಂಟೆಗಟ್ಟಲೆ ಸುತ್ತಲು ಶುರು ಮಾಡಬಹುದು, ಅದು ಒಂಥರಾ ಕಾಯಿಲೆಯೇ. ಬೇಕಾದ್ದು ಬೇಲಿ. ತೋಟಕ್ಕೆಲ್ಲ ಹಾಕಲು ಆಗುವುದಿಲ್ಲ, ಮನೆಯ ಹಿಂದೆ ಐದಾರು ಸೆಂಟ್ಸ್ ಜಾಗಕ್ಕೆ ಆರು ಅಡಿ ಎತ್ತರದ ಗಟ್ಟಿ ಬಲೆ ಹಾಕಿಸಿ, ಅಡಿಯಲ್ಲಿ ಒಂದು ಸಾಲು ಕೆಂಪು ಕಲ್ಲು ಹೂಳಿ. ಟೆರಿಯರ್ ರಕ್ತ ನೆಲ ಅಗೆಯುತ್ತದೆ. ಬೇಲಿಯ ಹೊರಗೆ ಹೋಗುವಾಗ ಯಾವಾಗಲೂ ಹಗ್ಗದಲ್ಲಿ, ದೊಡ್ಡವರ ಕೈಯಲ್ಲಿ. ಎಷ್ಟೇ ಕಲಿತ ನಾಯಿ ಆದರೂ ಸರಿ. ಬಾಯಿಗೆ ಹಾಕುವ ಬುಟ್ಟಿ ಮಾದರಿಯ ಮೂತಿಬಲೆ ಅಭ್ಯಾಸ ಮಾಡಿಸಿಡಿ, ಒಳಗೆ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು. ದಿನಾ ಎರಡು ಹೊತ್ತು ಬೇಯಿಸಿದ ಅನ್ನ ತಿಂದು ಜಗಲಿಯಲ್ಲಿ ಬಿದ್ದಿರುವ ನಾಯಿ ಇದಾಗಬಾರದು. ಬೆಳಿಗ್ಗೆ ಏಳರ ಒಳಗೆ, ಸಂಜೆ ಸೂರ್ಯ ಇಳಿದ ಮೇಲೆ ನಡೆಸಿ.

ಅಷ್ಟಾಗಿಯೂ ಜಗಳ ಆದರೆ, ಎಳೆಯಬೇಡಿ. ಕಚ್ಚಿ ಹಿಡಿದ ನಾಯಿಯನ್ನು ಎಳೆದರೆ ಇನ್ನೊಂದರ ಮಾಂಸ ಹರಿಯುತ್ತದೆ. ಎರಡೂ ನಾಯಿಯ ಕೊರಳಪಟ್ಟಿಯನ್ನು ಇಬ್ಬರು ಹಿಂದಿನಿಂದ ಬಿಗಿಯಾಗಿ, ಅಲುಗದ ಹಾಗೆ ಹಿಡಿಯಿರಿ, ಹಿಡಿತ ಬದಲಿಸಲು ಅದು ಬಾಯಿ ಸಡಿಲ ಮಾಡುವ ಗಳಿಗೆ ಬರುತ್ತದೆ, ಆಗ ಬೇರೆ ಮಾಡಿ. ಬಾಯಿಯ ಹತ್ತಿರ ಕೈ ಹಾಕಬೇಡಿ. ಮನುಷ್ಯರಿಗೆ ಹಲ್ಲು ತಾಗಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು, ಮನೆಯ ನಾಯಿಯಾದರೂ.

ಮಕ್ಕಳ ಬಗ್ಗೆ ಒಂದೇ ನಿಯಮ: ಸಣ್ಣ ಮಗು ಮತ್ತು ನಾಯಿ ಒಂದು ಕೋಣೆಯಲ್ಲಿ, ದೊಡ್ಡವರು ಇಲ್ಲದೆ, ಎರಡು ನಿಮಿಷವೂ ಬೇಡ. ತಿನ್ನುವಾಗ ಮುಟ್ಟಬಾರದು, ಮಲಗಿದಾಗ ತಬ್ಬಬಾರದು. ನಾಯಿ ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ತೋರಿಸಿದರೆ, ತುಟಿ ನೆಕ್ಕಿಕೊಂಡರೆ, ಇದ್ದಕ್ಕಿದ್ದ ಹಾಗೆ ಕಲ್ಲಿನ ಹಾಗೆ ನಿಂತರೆ ಸಾಕು ಅನ್ನುತ್ತಿದೆ ಅಂತ ಅರ್ಥ. ಗುರ್ ಅಂದಿದ್ದಕ್ಕೆ ಬೈದರೆ ಮುಂದಿನ ಸಲ ಗುರ್ ಅನ್ನದೆಯೇ ಕಚ್ಚುತ್ತದೆ.

ನಮ್ಮ ಊರಿಗೇ ಸೇರಿದ ಅಪಾಯಗಳೂ ಇವೆ. ತೋಟಕ್ಕೆ ಮದ್ದು ಬಿಡುವ ದಿನ ನಾಯಿ ಒಳಗಿರಲಿ, ಮೈಲುತುತ್ತಿನ ನೀರು ನಿಂತ ಡ್ರಮ್ಮು ಬಕೆಟ್ ನೆಕ್ಕಲು ಸಿಗಬಾರದು. ಮಾವಿನ ಗೊರಟನ್ನು ಇವು ಇಡಿಯಾಗಿ ನುಂಗುತ್ತವೆ, ಕರುಳಿನಲ್ಲಿ ಸಿಕ್ಕಿದರೆ ಆಪರೇಷನ್ನೇ. ಅಡಿಕೆ ಹಾಳೆ, ತೆಂಗಿನ ನಾರು ಜಗಿಯಲು ಕೊಟ್ಟು ಹೋಗಬೇಡಿ. ಹಾವು ಕಂಡರೆ ಹಿಂದೆ ಸರಿಯುವ ಬುದ್ಧಿ ಟೆರಿಯರ್‌ಗೆ ಇಲ್ಲ, ಕಚ್ಚಿದರೆ ನಾಯಿಗೂ ವಿಷಕ್ಕೆ ಮದ್ದು ಇದೆ. ಯಾವ ಆಸ್ಪತ್ರೆಯಲ್ಲಿ ಇಟ್ಟಿರುತ್ತಾರೆ ಅಂತ ಇವತ್ತೇ ಫೋನ್ ಮಾಡಿ ಕೇಳಿಡಿ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ ಇದು, ಇಲಿಜ್ವರದ ಲಸಿಕೆ ಬಿಡಬೇಡಿ. ಉಣುಗಿನ ಮದ್ದು ಮಳೆಗಾಲದಲ್ಲೂ ಹಾಕಿ. ಸಣ್ಣ ಕೂದಲಿನ ಈ ತಳಿಗಳಿಗೆ ಚರ್ಮದ ತುರಿಕೆ ಬೇಗ ಬರುತ್ತದೆ, ಒದ್ದೆ ಮೈಯನ್ನು ಬೆರಳ ಸಂದಿಯವರೆಗೆ ಒರೆಸಿ. ಬೇಸಿಗೆಯಲ್ಲಿ ನಾಲಿಗೆ ಕಪ್ಪುಗೆಂಪಾಗಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತಪ್ಪಿದರೆ ತಕ್ಷಣ ಬಾವಿಯ ನೀರು ಮೈಮೇಲೆ ಸುರಿಯುತ್ತಾ ಫ್ಯಾನಿನ ಕೆಳಗೆ ಮಲಗಿಸಿ, ಆಮೇಲೆ ಡಾಕ್ಟರ ಹತ್ತಿರ ಓಡಿ.

ಮಾಂಸ ಒಳಗೆ ತರದ ಮನೆಗಳು ನಮ್ಮಲ್ಲಿ ಜಾಸ್ತಿ. ಗಂಜಿ ಮೊಸರಲ್ಲಿ ಬುಲ್ ತಳಿಯ ಮೈ ನಿಲ್ಲುವುದಿಲ್ಲ. ಒಳ್ಳೆಯ ಡ್ರೈ ಫುಡ್ ಡಬ್ಬಿಯನ್ನು ಹೊರಗಿನ ಚಾವಡಿಯಲ್ಲಿ ಇಟ್ಟು ಅಳತೆ ಹಾಕಿ ಕೊಡಿ. ನಮ್ಮಮ್ಮ ಮೊದಲು ಬೇಡ ಅಂದವರು, ಈಗ ಅವರೇ ಅಳೆದು ಹಾಕುತ್ತಾರೆ. ನೀರುಳ್ಳಿ, ದ್ರಾಕ್ಷಿ, ಚಾಕಲೇಟ್ ವಿಷ. ಪಕ್ಕೆಲುಬು ಕೈಗೆ ಸಿಗಬೇಕು, ಬೊಜ್ಜು ಬಂದರೆ ಉಸಿರೂ ಮಂಡಿಯೂ ಕೆಡುತ್ತವೆ.

ಜೆಂಬರದ ದಿನ, ನೂರು ಜನ ಬರುವಾಗ, ಎಲ್ಲರಿಗೂ ತೋರಿಸಲು ನಾಯಿಯನ್ನು ಹೊರಗೆ ತರಬೇಡಿ. ಒಳಕೋಣೆಯಲ್ಲಿ ಚಿಲಕ ಹಾಕಿ, ಬಾಗಿಲಿಗೆ ಚೀಟಿ ಅಂಟಿಸಿ, ಕೀಲಿ ಒಬ್ಬರ ಕೈಯಲ್ಲಿರಲಿ. ಕುಂಬಳೆ ದೇವಸ್ಥಾನದ ಬೆಡಿಯ, ಅಂದರೆ ಸುಡುಮದ್ದಿನ, ರಾತ್ರಿಯೂ ಹಾಗೆಯೇ, ಸದ್ದಿಗೆ ಬೆದರಿದ ನಾಯಿ ಬೇಲಿ ಹರಿದು ಓಡುತ್ತದೆ. ಆ ರಾತ್ರಿ ಕಿಟಕಿ ಹಾಕಿ, ಫ್ಯಾನ್ ಜೋರು ಮಾಡಿ, ಮನೆಯವರಲ್ಲಿ ಒಬ್ಬರು ಬೆಡಿಗೆ ಹೋಗದೆ ಅದರ ಪಕ್ಕದಲ್ಲಿ ಚಾಪೆ ಹಾಸಿ ಮಲಗಿ.