ಆನ್‌ಲೈನ್ ಹರಾಜಿನಲ್ಲಿ ಹಳೆಯ ಮಾದರಿ ರೈಲು: ಫೋಟೋ ಓದಿ ಅಗ್ಗಕ್ಕೆ ಕೊಳ್ಳುವ ಬಗೆ

ಬ್ರಿಟನ್ನಿನ ಈಬೇ ತೆರೆದರೆ ಯಾವ ದಿನವೂ ಸಾವಿರಾರು ಮಾದರಿ ರೈಲುಗಳು, ಅಂದರೆ ನಿಜವಾದ ರೈಲಿನ ಚಿಕ್ಕ ಪ್ರತಿಕೃತಿಗಳು, ಹರಾಜಿಗಿರುತ್ತವೆ. ಅಟ್ಟದಿಂದ ಇಳಿಸಿದ ಪೆಟ್ಟಿಗೆ, ಹವ್ಯಾಸ ಬಿಟ್ಟವರ ಸಂಗ್ರಹ, ಮನೆ ಖಾಲಿ ಮಾಡಿಸುವ ವ್ಯಾಪಾರಿಗಳ ಕೈಗೆ ಸಿಕ್ಕ ರಾಶಿ, ಎಲ್ಲವೂ ಅಲ್ಲಿಗೇ ಬರುತ್ತವೆ. ಅಗ್ಗಕ್ಕೆ ಸಿಗಲು ಎರಡು ಕಾರಣ. ಮಾರುವವರಿಗೆ ತಮ್ಮ ಕೈಯಲ್ಲಿರುವುದು ಏನೆಂದು ಗೊತ್ತಿರುವುದಿಲ್ಲ, ಇಲ್ಲವೇ ಓಡದ ಇಂಜಿನ್ನಿಗೆ ಕೈಹಾಕಲು ಉಳಿದ ಖರೀದಿದಾರರು ಹೆದರುತ್ತಾರೆ. ಕೊನೆಯ ಸೆಕೆಂಡಿನ ಬಿಡ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ಅದರಿಂದ ಉಳಿಯುವುದು ಒಂದೆರಡು ಪೌಂಡ್. ಫೋಟೋ ನೋಡಿ ಮಾಲು ಗುರುತಿಸಲು ಬಂದರೆ ಅರ್ಧಕ್ಕರ್ಧ ಉಳಿಯುತ್ತದೆ.

ನಾನು ಕೊಳ್ಳುವುದು ಓಓ ಗೇಜ್. ಅಳತೆ 1:76, ಅಂದರೆ ನಿಜವಾದ ರೈಲಿನ ಎಪ್ಪತ್ತಾರರಲ್ಲೊಂದು, ಹಳಿಯ ಅಗಲ 16.5 ಮಿ.ಮೀ. ಯುರೋಪಿನ ಎಚ್‌ಓ ಅಳತೆ 1:87 ಆದರೂ ಹಳಿ ಅದೇ ಅಗಲದ್ದು. ಹಾಗಾಗಿ ಮಾರುವವರು ಎರಡನ್ನೂ ಒಂದೇ ಹೆಸರಿನಲ್ಲಿ ಹಾಕುತ್ತಾರೆ. ಎರಡೂ ಒಂದೇ ಹಳಿಯ ಮೇಲೆ ಓಡುತ್ತವೆ, ಪಕ್ಕದಲ್ಲಿ ನಿಲ್ಲಿಸಿದರೆ ಮಾತ್ರ ಒಂದು ಕುಳ್ಳಗೆ ಕಾಣುತ್ತದೆ. ಬ್ರಿಟನ್ನಿನಲ್ಲಿ ಓಓ ಆರಿಸಿಕೊಳ್ಳಲು ಮುಖ್ಯ ಕಾರಣ ಬಿಡಿಭಾಗ. ಅರವತ್ತು ವರ್ಷ ಹಳೆಯ ಮೋಟರಿಗೂ ಬ್ರಷ್, ಸ್ಪ್ರಿಂಗ್, ಗೇರು ಇಂದಿಗೂ ಹೊಸದಾಗಿ ಸಿಗುತ್ತವೆ.

'ಹಾರ್ನ್‌ಬಿ' ಬ್ರಿಟನ್ನಿನ ಹೆಸರಾಂತ ಮಾದರಿ ರೈಲು ಬ್ರ್ಯಾಂಡ್, ಆದರೆ ಆ ಒಂದು ಪದ ನಂಬಿ ಬಿಡ್ ಮಾಡಬಾರದು. ಹಾರ್ನ್‌ಬಿ ಡಬ್ಲೋ 1938ರಲ್ಲಿ ಬಂದಾಗ ಮೂರು ಹಳಿಯದು; ನಡುವಿನ ಹಳಿಯಿಂದ ವಿದ್ಯುತ್ ತೆಗೆದುಕೊಳ್ಳುತ್ತಿತ್ತು. ಎರಡು ಹಳಿಯ ಡಬ್ಲೋ ಬಂದದ್ದು 1959ರಲ್ಲಿ. 1964ರಲ್ಲಿ ಆ ಕಂಪನಿ ಟ್ರೈಆಂಗ್ ಎಂಬ ಪೈಪೋಟಿಯ ಬ್ರ್ಯಾಂಡಿನ ಒಡೆಯರ ಕೈಸೇರಿತು. ಮುಂದೆ ಟ್ರೈಆಂಗ್ ಹಾರ್ನ್‌ಬಿ ಆಗಿ, 1972ರಿಂದ ಹಾರ್ನ್‌ಬಿ ರೈಲ್ವೇಸ್ ಆಯಿತು. ತಯಾರಿಕೆ ಇಂಗ್ಲೆಂಡಿನ ಮಾರ್ಗೇಟ್‌ನಿಂದ ಚೀನಾಕ್ಕೆ ಹೋದದ್ದು 1990ರ ದಶಕದ ಕೊನೆಯ ಹೊತ್ತಿಗೆ. ಈ ಎಲ್ಲ ಕಾಲದ ಮಾಲೂ 'ಹಳೆಯ ಹಾರ್ನ್‌ಬಿ ಟ್ರೈನ್' ಎಂಬ ಒಂದೇ ಶೀರ್ಷಿಕೆಯಡಿ ಬರುತ್ತದೆ. ಮೂರು ಹಳಿಯದು ಎರಡು ಹಳಿಯ ಮೇಲೆ ಓಡುವುದಿಲ್ಲ. ಜರ್ಮನಿಯ ಮಾರ್ಕ್ಲಿನ್ ಎಚ್‌ಓ ಕೂಡ ಮೂರು ಹಳಿಯ ಪದ್ಧತಿಯದು, ಹಳೆಯವು ಎಸಿಯಲ್ಲಿ ಓಡುತ್ತವೆ. ಹಳಿಗೆ ವಿದ್ಯುತ್ ಕೊಟ್ಟು ವೇಗ ನಿಯಂತ್ರಿಸುವ ನಮ್ಮ 12 ವೋಲ್ಟ್ ಡಿಸಿ ಕಂಟ್ರೋಲರ್ ಅದಕ್ಕೆ ನಡೆಯದು.

ಆದ್ದರಿಂದ ಮೊದಲು ನೋಡಬೇಕಾದ್ದು ಇಂಜಿನ್ನಿನ ಅಡಿಭಾಗ. ಹೊಟ್ಟೆಯ ಕೆಳಗೆ ನಡುಮಧ್ಯದಲ್ಲಿ ತಗಡಿನ ಪಟ್ಟಿ ಸ್ಪ್ರಿಂಗ್ ಮೇಲೆ ಕುಳಿತಿದ್ದರೆ ಅದು ಮೂರು ಹಳಿಯದು. ಅಡಿಭಾಗದ ಫೋಟೋ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳುತ್ತೇನೆ, ಕೊಡದಿದ್ದರೆ ಬಿಟ್ಟುಬಿಡುತ್ತೇನೆ. ಆಮೇಲೆ ಗಾಲಿ. ಅಂಚಿನಲ್ಲಿ ಕಪ್ಪು ಮೆತ್ತಿಕೊಂಡಿದ್ದರೆ ಅದು ಬರೀ ಕೊಳೆ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದರೆ ಹೋಗುತ್ತದೆ. ಬೆಳ್ಳಿಯ ಬಣ್ಣದ ಲೇಪ ಸವೆದು ಹಿತ್ತಾಳೆಯ ಹಳದಿ ಕಂಡರೆ ಆ ಇಂಜಿನ್ ತುಂಬ ಓಡಿದೆ. ಕಿತ್ತಳೆ ತುಕ್ಕು ಕಂಡರೆ ಪೆಟ್ಟಿಗೆ ತೇವದಲ್ಲಿ ಕುಳಿತಿತ್ತು ಎಂದರ್ಥ. ಮೋಟರಿನ ಒಳಗೂ ಅದೇ ಗತಿ ಎಂದು ಲೆಕ್ಕ ಹಾಕಿಕೊಳ್ಳಬೇಕು.

ಮೂರನೆಯದು ಕೊಂಡಿ. ಅಗಲವಾದ ದಪ್ಪ ಕೊಂಡಿ ಹಳೆಯ ಕಾಲದ್ದು. ಚಿಕ್ಕ ತೆಳು ಕೊಂಡಿ ಪುಟ್ಟ ಚೌಕ ಗೂಡಿನಲ್ಲಿ ಸಿಕ್ಕಿಸಿದಂತಿದ್ದರೆ ಅದು ಎನ್‌ಇಎಂ (ಯುರೋಪಿನ ಮಾದರಿ ರೈಲು ಮಾನಕ) ಗೂಡು, ಸಾಮಾನ್ಯವಾಗಿ 2000ದ ಆಸುಪಾಸಿನ ಅಥವಾ ಆಮೇಲಿನ ಮಾದರಿ. ಶೀರ್ಷಿಕೆಯಲ್ಲಿ 'ಅಪ್ಪನ ಹಳೆಯ ರೈಲು' ಎಂದಿದ್ದು ಫೋಟೋದಲ್ಲಿ ಈ ಚಿಕ್ಕ ಕೊಂಡಿ ಕಂಡಿತೆಂದರೆ ಅಲ್ಲೇ ನಿಂತು ನೋಡಬೇಕು. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇದಕ್ಕೆ ಒಳ್ಳೆಯ ಉದಾಹರಣೆ. 4472 ಸಂಖ್ಯೆ ಹೊತ್ತ ಹಸಿರು ಇಂಜಿನ್ ದಶಕಗಳಿಂದ ಎಷ್ಟೋ ಆವೃತ್ತಿಗಳಲ್ಲಿ ಬಂದಿದೆ. ಅವುಗಳಲ್ಲಿ ಒಂದಷ್ಟರ ಮೋಟರ್ ಇಂಜಿನ್ನಿನಲ್ಲಿರದೆ ಹಿಂದಿನ ಕಲ್ಲಿದ್ದಲ ಗಾಡಿಯಲ್ಲಿ, ಅಂದರೆ ಟೆಂಡರಿನಲ್ಲಿ, ಇರುತ್ತದೆ. ಟೆಂಡರಿನ ಗಾಲಿಗೆ ಕಪ್ಪು ರಬ್ಬರ್ ಬಳೆ ತೊಡಿಸಿದ್ದರೆ ಅದು ಟೆಂಡರ್ ಡ್ರೈವ್, ಕಡಿಮೆ ಬೆಲೆಯದು. ಟೆಂಡರ್ ಗಾಲಿಗಳು ಬೋಳಾಗಿದ್ದು, ಇಂಜಿನ್ನಿನ ಕೈಹಿಡಿಕೆ ಸಲಾಕೆಗಳು ತೆಳು ತಂತಿಯಲ್ಲಿ ಬೇರೆಯಾಗಿ ಮಾಡಿದ್ದರೆ ಅದು 2000ದ ನಂತರದ ಸೂಕ್ಷ್ಮ ಕೆಲಸದ ಮಾದರಿ. ಬೆಲೆ ಸಲೀಸಾಗಿ ದುಪ್ಪಟ್ಟು. ಎರಡಕ್ಕೂ ಮಾರುವವರು ಇಡುವ ಶೀರ್ಷಿಕೆ ಒಂದೇ.

ಇಂಜಿನ್ ಇಟ್ಟ ಡಬ್ಬಿಯ ತುದಿಯ ಚೀಟಿಯನ್ನೂ ದೊಡ್ಡದು ಮಾಡಿ ಓದಬೇಕು. ಆರ್ ಅಕ್ಷರದ ಮುಂದೆ ಎರಡು ಮೂರು ಅಂಕಿ ಇದ್ದರೆ ಹಳೆಯದು, 2ರಿಂದ ಅಥವಾ 3ರಿಂದ ಶುರುವಾಗುವ ನಾಲ್ಕು ಅಂಕಿ ಇದ್ದರೆ ಚೀನಾದಲ್ಲಿ ತಯಾರಾದ ಕಾಲದ್ದು. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಎರಡು ಅಥವಾ ನಾಲ್ಕು ಅಂಕಿ ಬರೆದಿರುವುದು ಕೆಲವೊಮ್ಮೆ ಕಾಣುತ್ತದೆ. ಅದು ಬಹುಮಟ್ಟಿಗೆ ಡಿಸಿಸಿ (ಒಂದೊಂದು ಇಂಜಿನ್ನಿಗೂ ಬೇರೆ ಬೇರೆ ಆದೇಶ ಕಳಿಸುವ ಡಿಜಿಟಲ್ ನಿಯಂತ್ರಣ) ವಿಳಾಸ, ಅಂದರೆ ಒಳಗೆ ಆ ಆದೇಶ ಓದುವ ಡಿಕೋಡರ್ ಚಿಪ್ ಕೂರಿಸಿದ್ದಾರೆ. ಇಂಥ ಇಂಜಿನ್ನಿನ ಡಿಕೋಡರಿನಲ್ಲಿ ಸಾಮಾನ್ಯ ಡಿಸಿ ಓಟವನ್ನು ಹಿಂದಿನ ಒಡೆಯರು ಆಫ್ ಮಾಡಿದ್ದರೆ, ಮಾರುವವರು ಹಳೆಯ ಕಂಟ್ರೋಲರಿಗೆ ಜೋಡಿಸಿದಾಗ ಅದು ಅಲ್ಲಾಡುವುದೂ ಇಲ್ಲ. 'ಓಡುವುದಿಲ್ಲ, ಬಿಡಿಭಾಗಕ್ಕೆ' ಎಂದು ಹಾಕಿಬಿಡುತ್ತಾರೆ. ಮನೆಗೆ ತಂದು ಸಿವಿ 29 ಎಂಬ ಡಿಕೋಡರ್ ಸೆಟ್ಟಿಂಗನ್ನು ಸರಿಪಡಿಸಿದರೆ, ಇಲ್ಲವೇ ಡಿಕೋಡರ್ ಕಿತ್ತು ಸಾಕೆಟ್ಟಿಗೆ ಖಾಲಿ ಪ್ಲಗ್ ಹಾಕಿದರೆ ಇಂಜಿನ್ ಓಡುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಹರಾಜಿನಲ್ಲಿ ಇದಕ್ಕಿಂತ ಒಳ್ಳೆಯ ಅಗ್ಗ ಇನ್ನೊಂದಿಲ್ಲ. 'ಡಿಸಿಸಿ ರೆಡಿ' ಎಂದರೆ ಸಾಕೆಟ್ ಮಾತ್ರ, 'ಡಿಸಿಸಿ ಫಿಟೆಡ್' ಎಂದರೆ ಡಿಕೋಡರ್ ಸಮೇತ. ಮಾರುವವರು ಇವೆರಡನ್ನೂ ಅದಲುಬದಲು ಮಾಡುತ್ತಾರೆ, ಎರಡೂ ದಿಕ್ಕಿನಲ್ಲಿ.

ಹುಡುಕುವಾಗ ಸರಿಯಾದ ಹೆಸರಿಗಿಂತ ತಪ್ಪು ಹೆಸರು ಹೆಚ್ಚು ಕೊಡುತ್ತದೆ. ಹಾರ್ನ್‌ಬಿಯ ನಡುವೆ ಒಂದು ಎಸ್ ಸೇರಿಸಿ ಹಾರ್ನ್ಸ್‌ಬಿ ಎಂದು, ಇನ್ನೊಂದು ತಯಾರಕ ಕಂಪನಿ ಬಾಕ್‌ಮನ್ ಹೆಸರಿನ ಕೊನೆಯ ಎರಡು ಎನ್‌ಗಳಲ್ಲಿ ಒಂದನ್ನು ಬಿಟ್ಟು, ಟ್ರೈಆಂಗನ್ನು ಗೀಟಿಲ್ಲದೆ ಒಂದೇ ಪದವಾಗಿ ಹಾಕಿ ಹುಡುಕಿ. 'ಟ್ರೈನ್ ಸೆಟ್', 'ಲಾಫ್ಟ್ ಫೈಂಡ್', 'ಜಾಬ್ ಲಾಟ್' ಎಂಬ ಪದಗಳನ್ನು ಮಾದರಿ ರೈಲು ವಿಭಾಗದ ಹೊರಗೆ, ಆಟಿಕೆ ಮತ್ತು ಹಳೆಯ ವಸ್ತುಗಳ ವಿಭಾಗದಲ್ಲಿ ಹುಡುಕಿ ಉಳಿಸಿಟ್ಟರೆ ಹೊಸದು ಬಂದಾಗಲೆಲ್ಲ ಸೂಚನೆ ಬರುತ್ತದೆ. ಹರಾಜು ಮುಗಿಯುವ ಹೊತ್ತೂ ಮುಖ್ಯ. ಭಾನುವಾರ ಸಂಜೆ ಏಳರಿಂದ ಹತ್ತರೊಳಗೆ ಮುಗಿಯುವುದಕ್ಕೆ ಜನ ಮುಗಿಬೀಳುತ್ತಾರೆ. ವಾರದ ನಡುವೆ ಬೆಳಗ್ಗೆ ಮುಗಿಯುವುದಕ್ಕೆ ಕೇಳುವವರು ಕಡಿಮೆ. ಅಕ್ಟೋಬರಿನಿಂದ ಕ್ರಿಸ್‌ಮಸ್‌ವರೆಗೆ ಬೆಲೆ ಏರಿರುತ್ತದೆ, ಬಿಸಿಲಿನ ಜೂನ್ ಜುಲೈಯಲ್ಲಿ ಇಳಿಯುತ್ತದೆ.

ಬೆಲೆಯ ಮಿತಿಯನ್ನು ಹರಾಜು ಮುಗಿಯುವ ಹಿಂದಿನ ದಿನವೇ ಬರೆದಿಡಬೇಕು. ಮಾರಾಟವಾಗಿ ಹೋದವನ್ನು ಮಾತ್ರ ತೋರಿಸುವ ಫಿಲ್ಟರ್ ಹಾಕಿ, ಅದೇ ಮಾದರಿಯ ಐದಾರು ಬೆಲೆ ತೆಗೆದು, ತೀರಾ ಹೆಚ್ಚಿನದು ತೀರಾ ಕಡಿಮೆಯದು ಬಿಟ್ಟು ನಡುವಿನದನ್ನು ಹಿಡಿಯುತ್ತೇನೆ. ಈಗ ಮಾರಾಟಕ್ಕಿಟ್ಟವರು ಕೇಳುವ ಬೆಲೆ ಲೆಕ್ಕಕ್ಕಿಲ್ಲ. ಟ್ರೈಆಂಗ್‌ನ ಆರ್ 52 ಜಿಂಟಿ ಇಂಜಿನ್ ಚೆನ್ನಾಗಿ ಓಡುವ ಸ್ಥಿತಿಯಲ್ಲಿ 25 ಪೌಂಡಿಗೆ ಹೋಗುತ್ತಿದೆ ಎಂದುಕೊಳ್ಳಿ. ಪರೀಕ್ಷಿಸದ್ದಕ್ಕೆ ಅದರ ಅರ್ಧ, 12.50. ಅಂಚೆ ಖರ್ಚು 3.50 ಕಳೆದರೆ 9. ನಾನು ಹಾಕುವುದು 9.27. ಈಬೇ ನಿಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿಟ್ಟುಕೊಂಡು, ಎದುರಾಳಿಯನ್ನು ದಾಟಲು ಬೇಕಾದಷ್ಟೇ ಏರಿಸುತ್ತದೆ. ಬಹಳ ಜನ 9 ಎಂದು ದುಂಡಗೆ ಹಾಕುವುದರಿಂದ ಆ 27 ಪೆನ್ಸ್ ಗೆಲ್ಲಿಸುತ್ತದೆ. ಕೊನೆಯ ಏಳೆಂಟು ಸೆಕೆಂಡಿನಲ್ಲಿ ಒಮ್ಮೆ ಮಾತ್ರ ಒತ್ತುವುದು. ಪೈಪೋಟಿಗೆ ಬಿದ್ದವರಿಗೆ ಯೋಚಿಸಿ ಮತ್ತೆ ಏರಿಸಲು ಹೊತ್ತು ಸಿಗಬಾರದು. 2025ರಿಂದ ಖಾಸಗಿ ಮಾರಾಟಗಾರರ ವಸ್ತುವಿಗೆ ಖರೀದಿದಾರರ ರಕ್ಷಣಾ ಶುಲ್ಕವೂ ಇದೆ, ಆದ್ದರಿಂದ ಒತ್ತುವ ಮೊದಲು ಒಟ್ಟು ಮೊತ್ತ ನೋಡಿಕೊಳ್ಳಿ. ಸಾಂಪ್ರದಾಯಿಕ ಹರಾಜು ಮನೆಗಳ ಆನ್‌ಲೈನ್ ಹರಾಜಿನಲ್ಲಿ ಲೆಕ್ಕವೇ ಬೇರೆ. ಕಮಿಷನ್ ಶೇ 25 ಇದ್ದು ಅದರ ಮೇಲೆ ಶೇ 20 ವ್ಯಾಟ್ ಬಿದ್ದರೆ, 100 ಪೌಂಡಿಗೆ ಸುತ್ತಿಗೆ ಬಿದ್ದದ್ದು 130 ಆಗುತ್ತದೆ. ಅಂಚೆ ಬೇರೆ.

'ಪರೀಕ್ಷಿಸಿಲ್ಲ' ಎಂಬ ಮಾತಿಗೆ ಎರಡು ಅರ್ಥ. ಮಾರುವವರ ಉಳಿದ ವಸ್ತುಗಳನ್ನು ತೆರೆದು ನೋಡಿ. ಪಿಂಗಾಣಿ, ಬಟ್ಟೆ, ಗಡಿಯಾರ ಇದ್ದರೆ ಅವರು ನಿಜವಾಗಿಯೂ ಪರೀಕ್ಷಿಸಿಲ್ಲ, ಕಂಟ್ರೋಲರೇ ಇಲ್ಲ. ಇನ್ನೂ ಮೂವತ್ತು ಇಂಜಿನ್ ಮಾರುತ್ತಿದ್ದರೆ ಪರೀಕ್ಷಿಸಿ, ಓಡದ್ದಕ್ಕೇ ಹಾಗೆ ಬರೆದಿದ್ದಾರೆ.

ಎರಡು ದೋಷಕ್ಕೆ ನಾನು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಒಂದು, ಮಝಾಕ್ ಎಂಬ ಸತುವಿನ ಮಿಶ್ರಲೋಹದ ಕೊಳೆತ. ಎರಕ ಹೊಯ್ಯುವಾಗ ಸೀಸದಂಥ ಕಲ್ಮಶ ಸೇರಿದ್ದರೆ ಲೋಹದ ಕಣಗಳ ನಡುವೆ ಸವೆತ ಶುರುವಾಗಿ ವರ್ಷಗಳ ಮೇಲೆ ಚಾಸಿಸ್ ಉಬ್ಬುತ್ತದೆ, ಬಿರಿಯುತ್ತದೆ, ಕೊನೆಗೆ ಪುಡಿಯಾಗುತ್ತದೆ. ಪಕ್ಕದಿಂದ ತೆಗೆದ ಫೋಟೋದಲ್ಲಿ ಇಂಜಿನ್ನಿನ ಬೆನ್ನು ಬಾಗಿದಂತೆ, ಮೈ ಚಾಸಿಸ್ಸಿನಿಂದ ಎದ್ದಂತೆ ಕಂಡರೆ ಇದೇ. ಮದ್ದಿಲ್ಲ, ಎಷ್ಟು ಅಗ್ಗವಾದರೂ ಬೇಡ. ಇನ್ನೊಂದು, ಸ್ಪ್ಲಿಟ್ ಚಾಸಿಸ್. ಚಾಸಿಸ್ಸಿನ ಎರಡು ಹೋಳುಗಳೇ ಎರಡು ಧ್ರುವ, ಅಚ್ಚುಗಳೂ ಎರಡು ತುಂಡು, ನಡುವೆ ಪ್ಲಾಸ್ಟಿಕ್ ಕೊಳವೆ. ಆ ಕೊಳವೆ ಬಿರಿದರೆ ಎಡಬಲ ಗಾಲಿಗಳ ಹೊಂದಾಣಿಕೆ ತಪ್ಪಿ ಗಾಲಿಗಳನ್ನು ಜೋಡಿಸುವ ಪಕ್ಕದ ಸಲಾಕೆಗಳು ಸಿಕ್ಕಿಕೊಳ್ಳುತ್ತವೆ. ಸರಿಮಾಡಬಹುದು, ಆದರೆ ಒಂದು ಸಂಜೆ ಪೂರ್ತಿ ಬೇಕು. ಬೆಲೆ ತೀರಾ ಕೆಳಗಿದ್ದರೆ ಮಾತ್ರ.

ಧೈರ್ಯವಾಗಿ ಕೊಳ್ಳುವುದು ಸತ್ತಂತಿರುವ ಎಕ್ಸ್‌ 04 ಮೋಟರಿನ ಟ್ರೈಆಂಗ್ ಇಂಜಿನ್‌ಗಳನ್ನು. ಈ ಮೋಟರಿನ ಎರಡು ಇಂಗಾಲದ ಬ್ರಷ್‌ಗಳನ್ನು ಒಂದೇ ತಂತಿಯ ಸ್ಪ್ರಿಂಗ್ ಎರಡು ಕಾಲುಗಳಿಂದ ಒತ್ತಿ ಹಿಡಿದಿರುತ್ತದೆ. ಒಂದು ಕಾಲಿಗೆ ಮಾತ್ರ ಪುಟ್ಟ ನಿರೋಧಕ ಕೊಳವೆ ತೊಡಿಸಿರುತ್ತಾರೆ, ಏಕೆಂದರೆ ಮೋಟರಿನ ಇನ್ನೊಂದು ಬದಿಗೆ ವಿದ್ಯುತ್ ಬರುವುದು ಚಾಸಿಸ್ಸಿನಿಂದಲೇ. ಆ ಕೊಳವೆ ಸೊರಗಿ ಉದುರಿದ್ದರೆ ಶಾರ್ಟ್ ಆಗಿ ಕಂಟ್ರೋಲರ್ ಟ್ರಿಪ್ ಆಗುತ್ತದೆ, ಮಾರುವವರು 'ಮೋಟರ್ ಸುಟ್ಟಿದೆ' ಅನ್ನುತ್ತಾರೆ. ವೈರಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು 4–5 ಮಿ.ಮೀ. ಕತ್ತರಿಸಿ ತೊಡಿಸಿದರೆ ಮುಗಿಯಿತು. ಬಳಿಕ ಹತ್ತಿಯ ಕಡ್ಡಿಗೆ ಆಲ್ಕೋಹಾಲ್ ಹಚ್ಚಿ, ಬ್ರಷ್‌ಗಳು ಒತ್ತಿಕೊಂಡಿರುವ ತಾಮ್ರದ ಭಾಗವನ್ನು, ಅಂದರೆ ಕಮ್ಯುಟೇಟರನ್ನು, ಒರೆಸಿ, ಅದರ ಮೂರು ಸೀಳುಗಳಲ್ಲಿ ಕೂತ ಇಂಗಾಲದ ಪುಡಿಯನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಸೂಜಿ ಬೇಡ, ತಾಮ್ರ ಗೀರಿ ಬ್ರಷ್ ಬೇಗ ಸವೆಯುತ್ತದೆ. ಎರಡೂ ತುದಿಯ ಬೇರಿಂಗಿನ ಉಣ್ಣೆ ಬಿಲ್ಲೆಗೆ ಒಂದೊಂದೇ ಹನಿ ಎಣ್ಣೆ. ಹೆಚ್ಚಾದರೆ ಕಮ್ಯುಟೇಟರಿಗೆ ಹರಿದು ಮತ್ತೆ ಅದೇ ಕೊಳೆ. ಅಯಸ್ಕಾಂತವನ್ನು ಮಾತ್ರ ಬಿಚ್ಚಬೇಡಿ. ಈ ಹಳೆಯ ಆಲ್ನಿಕೋ ಅಯಸ್ಕಾಂತಗಳು ಸುತ್ತಲ ಕಬ್ಬಿಣದಿಂದ ಬೇರ್ಪಟ್ಟರೆ ಶಕ್ತಿ ಕಳೆದುಕೊಳ್ಳುತ್ತವೆ. ಆಮೇಲೆ ಮೋಟರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಎಳೆತ ಮಾತ್ರ ಕಡಿಮೆ.

ಪಾರ್ಸೆಲ್ ಬಂದ ಎರಡು ದಿನದೊಳಗೆ ಪರೀಕ್ಷೆ ಮುಗಿಸಬೇಕು. ವಿವರಣೆಗೆ ಹೊಂದದಿದ್ದರೆ ಈಬೇಯಲ್ಲಿ ವಾಪಸು ಕೇಳಲು ಕೈಗೆ ಬಂದ ದಿನದಿಂದ 30 ದಿನ ಇದೆ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಸ್ಕ್ರೂ ಮುಟ್ಟಿದ ಮೇಲೆ ವಾದ ನಿಲ್ಲುವುದಿಲ್ಲ. ಮಲ್ಟಿಮೀಟರನ್ನು ಸರಣಿಯಲ್ಲಿ ಜೋಡಿಸಿ ಓಡಿಸಿದರೆ ಹೊಸ ಕಾಲದ ಮೋಟರ್ 0.1–0.2 ಆಂಪಿಯರ್, ಎಕ್ಸ್‌ 04 ಅರ್ಧ ಆಂಪಿಯರಿನ ಒಳಗೆ ಇದ್ದರೆ ಆರೋಗ್ಯ ಚೆನ್ನಾಗಿದೆ. ಗಾಲಿಗಳ ಒಳ ಅಂತರ 14.5 ಮಿ.ಮೀ. ಸುಮಾರಿಗೆ ಇದ್ದರೆ ಇಂದಿನ ಪಾಯಿಂಟ್‌ಗಳನ್ನು, ಅಂದರೆ ಹಳಿ ಕವಲೊಡೆಯುವ ಜಾಗಗಳನ್ನು, ತೊಡಕಿಲ್ಲದೆ ದಾಟುತ್ತದೆ. ಹಳಿ ಹಾರಿದರೆ ಮೊದಲು ಅಳೆಯಬೇಕಾದ್ದು ಅದನ್ನೇ. ಅಂದಹಾಗೆ, ಅಂಚೆಯಲ್ಲಿ ಇಂಜಿನ್ ಮುರಿಯುವುದು ಹೊರಗಿನ ಪೆಟ್ಟಿಗಿಂತ ಡಬ್ಬಿಯೊಳಗೆ ಅದೇ ಕುಲುಕಾಡುವುದರಿಂದ. ಹಣ ಕೊಟ್ಟ ಕೂಡಲೇ 'ಇಂಜಿನ್ನಿಗೆ ಟಿಶ್ಯೂ ಸುತ್ತಿ, ಡಬ್ಬಿಗೆ ಬಬಲ್ ರ‍್ಯಾಪ್ ಸುತ್ತಿ, ದೊಡ್ಡ ಪೆಟ್ಟಿಗೆಯಲ್ಲಿ ಇಡಿ' ಎಂದು ಸಂದೇಶ ಕಳಿಸುವುದು ವಾಡಿಕೆ ಮಾಡಿಕೊಳ್ಳಿ.

ಕರ್ನಾಟಕದಲ್ಲಿರುವವರು ಒಂದೇ ಇಂಜಿನ್ ತರಿಸಿದರೆ ವಿದೇಶಿ ಅಂಚೆ ಮತ್ತು ಸುಂಕ ಸೇರಿ ಉಳಿತಾಯವೆಲ್ಲ ಅಲ್ಲಿಗೇ ಹೋಗುತ್ತದೆ. ವಿದ್ಯುತ್ತಿನ ತೊಂದರೆ ಇಲ್ಲ, ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಿಸಿದರೆ ಸಾಕು. ಆದರೆ ರಾಶಿಯಲ್ಲಿ ಬರುವ 1950–60ರ ದಶಕದ ಟ್ರಾನ್ಸ್‌ಫಾರ್ಮರ್‌ಗಳನ್ನು ಎಲ್ಲೂ ಗೋಡೆಯ ಪ್ಲಗ್ಗಿಗೆ ಹಾಕಬಾರದು. ರಬ್ಬರ್ ಹೊದಿಕೆ ಒಳಗೇ ಬಿರಿದಿರುತ್ತದೆ.

ರಾಶಿ ಕೊಳ್ಳುವಾಗ ಆ ಟ್ರಾನ್ಸ್‌ಫಾರ್ಮರಿಗೆ ನಾನು ಕಟ್ಟುವ ಬೆಲೆ ಸೊನ್ನೆ. ಫೋಟೋದಲ್ಲಿ ಗುರುತು ಸಿಗದ ಎಲ್ಲಕ್ಕೂ ಸೊನ್ನೆ. ಉಕ್ಕಿನ ಹಳಿಗೂ ಸೊನ್ನೆ. ತುಕ್ಕು ಹಿಡಿದು ಕರೆಂಟ್ ಕೈಕೊಡುತ್ತದೆ. ನಿಕಲ್ ಸಿಲ್ವರ್ ಹಳಿಯಾದರೆ ಬೆಲೆ ಉಂಟು, ಫೋಟೋದಲ್ಲಿ ನಸು ಹಳದಿ ಹೊಳಪು ಕಾಣುತ್ತದೆ, ಮನೆಗೆ ಬಂದ ಮೇಲೆ ಅಯಸ್ಕಾಂತ ಅಂಟುವುದಿಲ್ಲ. ಗುರುತು ಸಿಕ್ಕ ಇಂಜಿನ್ ಎರಡು, ಪ್ರಯಾಣಿಕರ ಬೋಗಿ ಮೂರು, ವ್ಯಾಗನ್ ಆರು ಎಂದಾದರೆ ಇಂಜಿನ್ನಿಗೆ 12ರಂತೆ 24, ಬೋಗಿಗೆ 5ರಂತೆ 15, ವ್ಯಾಗನ್ನಿಗೆ 2ರಂತೆ 12, ಒಟ್ಟು 51. ಅಂಚೆಗೆ 8 ಕಳೆದರೆ 43. ಹಾಕುವ ಬಿಡ್ 43.27. ಗೆದ್ದ ಮೇಲೆ ಬೇಡದ ಬೋಗಿ ಮತ್ತು ವ್ಯಾಗನ್‌ಗಳನ್ನು ತೊಳೆದು, ಕಳೆದ ಕೊಂಡಿ ಹಾಕಿ, ಅಡಿಭಾಗದ ಫೋಟೋ ಸಮೇತ ಒಂದೊಂದಾಗಿ ನವೆಂಬರಿನಲ್ಲಿ ಮಾರಾಟಕ್ಕಿಡುವುದು.