ಬಂಗುಡೆ ಆರಿಸುವುದು ಹೇಗೆ?

ಮೀನು ಮಾರ್ಕೆಟ್ಟಿನಲ್ಲಿ ನಿಂತು ನೋಡಿ. ಹತ್ತರಲ್ಲಿ ಎಂಟು ಜನ ಕಿವಿರು ಎತ್ತುತ್ತಾರೆ, ಕೆಂಪು ಕಂಡರೆ ಚೀಲ ಚಾಚುತ್ತಾರೆ. ಮನೆಯಲ್ಲಿ ಸಾರು ಕುದಿಯುವಾಗ ಮೂಗು ಮುಚ್ಚಿಕೊಳ್ಳುತ್ತಾರೆ. ಮಾರುವವಳನ್ನು ಬೈದು ಪ್ರಯೋಜನವಿಲ್ಲ, ನೋಡಿದ್ದೇ ಅರ್ಧ.

ಮೊದಲು ಕ್ಯಾಲೆಂಡರ್ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆಗ ನಾಡದೋಣಿಯವರು ತಂದಷ್ಟೇ ಊರಿನ ಹಸಿ ಮೀನು. ಬೆಂಗಳೂರಿನ ಅಂಗಡಿಯಲ್ಲಿ ಆ ತಿಂಗಳು ರಾಶಿ ರಾಶಿ ‘ಮಲ್ಪೆ ಫ್ರೆಶ್’ ಕಂಡರೆ ಸುಮ್ನೆ ನಕ್ಕು ಮುಂದೆ ಹೋಗಿ.

ಈಗ ಆರಿಸುವ ಕೆಲಸ. ಇಲ್ಲಿ ಅವಸರ ಬೇಡ. ಒಂದು ಬಂಗುಡೆಯನ್ನು ತಲೆಯ ಕಡೆ ಹಿಡಿದು ಅಡ್ಡಕ್ಕೆ ಎತ್ತಿ. ಹಸಿಯಾಗಿದ್ದರೆ ನೆಟ್ಟಗೆ ನಿಲ್ಲುತ್ತದೆ, ಹಳತಾದರೆ ಬಾಲ ಜೋತು ಬೀಳುತ್ತದೆ. ಬೆನ್ನಿನ ಹಸಿರು-ನೀಲಿ ಗೆರೆಗಳು ಹೊಳೆಯಬೇಕು. ಆದರೆ ನೀರು ಚಿಮುಕಿಸಿದರೂ ಹೊಳಪು ಬರುತ್ತದೆ, ಅದನ್ನೇ ನಂಬಬೇಡಿ. ಕಣ್ಣು ಉಬ್ಬಿ ಕಪ್ಪಗಿದ್ದರೆ ಒಳ್ಳೆಯದು. ಐಸ್ ನೇರ ತಾಗಿದ ಕಣ್ಣು ಮಬ್ಬಾಗುವುದೂ ಉಂಟು, ಹಾಗಾಗಿ ಅಷ್ಟಕ್ಕೇ ಬಿಟ್ಟುಬಿಡಬೇಡಿ. ಗುಳಿ ಬಿದ್ದಿದ್ದರೆ ಮಾತ್ರ ಬೇಡವೇ ಬೇಡ. ಕಿವಿರನ್ನು ನೋಡುವುದಕ್ಕಿಂತ ಮೂಸಿ. ಕಡಲಿನ ವಾಸನೆ ಇರಬೇಕು, ಹುಳಿ ನಾತ ಬಂದರೆ ಕೆಳಗಿಡಿ. ಕೊನೆಗೆ ಹೊಟ್ಟೆ. ಬಂಗುಡೆಯ ಗುಟ್ಟೆಲ್ಲ ಹೊಟ್ಟೆಯಲ್ಲೇ ಇದೆ. ಹೆಬ್ಬೆರಳಿನಿಂದ ಒತ್ತಿ. ಗುಳಿ ಕೂಡಲೇ ತುಂಬಿಕೊಳ್ಳಬೇಕು. ಹೊಟ್ಟೆ ಒಡೆದದ್ದು, ಗುದದಿಂದ ಕೊಳೆ ಸೋರುವುದು ಬಿಟ್ಟಿಗೆ ಕೊಟ್ಟರೂ ಬೇಡ. ಮಾರುವವಳು ‘ಎಂತ ಒತ್ತುದು ಮಾರಾಯ್ರೆ’ ಎಂದು ಗದರಿದರೆ ಗದರಲಿ.

ಇಷ್ಟು ಹೇಳಲು ಕಾರಣವಿದೆ. ಬಂಗುಡೆ, ಬೂತಾಯಿ (ಸಾರ್ಡೀನ್, ಕಾರವಾರದ ಕಡೆ ತಾರ್ಲೆ), ಕೇದರ (ಟ್ಯೂನಾ) ಇವೆಲ್ಲ ಬಿಸಿಲಲ್ಲಿ ಬಿದ್ದಿದ್ದರೆ ಅದರೊಳಗೆ ಬ್ಯಾಕ್ಟೀರಿಯಾಗಳು ಹಿಸ್ಟಮೈನ್ ಎಂಬ ವಸ್ತು ಮಾಡುತ್ತವೆ. ತಿಂದವರ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಎಷ್ಟು ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಖಾರ ಜಾಸ್ತಿ ಹಾಕಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ.

ಅದಕ್ಕೇ ಚೀಲದ ಜೊತೆ ಒಂದು ಹಿಡಿ ಐಸ್ ಕೇಳಿ ಪಡೆಯಿರಿ. ಮೀನು ಕಟ್ಟಿಸಿಕೊಂಡು ತರಕಾರಿ, ಬಟ್ಟೆ ಅಂಗಡಿ ಸುತ್ತುವುದು ಬೇಡ. ಮೀನು ಕೊನೆಯ ಖರೀದಿ.

ಮನೆಯಲ್ಲಿ ಕಿವಿರು, ಕರುಳು ತೆಗೆಯಿರಿ. ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನೂ, ಮುಳ್ಳಿನ ಉದ್ದಕ್ಕಿರುವ ರಕ್ತದ ಗೆರೆಯನ್ನೂ ಉಗುರಿನಿಂದ ಕೆರೆದರೆ ವಾಸನೆ ಅರ್ಧ ಹೋಯಿತು. ‘ಫಿಶ್ ವಾಷ್’ ಎಂದು ಮಾರುವ ಬಾಟಲಿಗೆ ದುಡ್ಡು ದಂಡ. ಕಲ್ಲುಪ್ಪು, ಹುಣಸೆಹುಳಿ ಸಾಕು. ಸಾರು ಅಂದೇ ಮಾಡಿ. ನಾಳೆಗೆ ಉಳಿಸುವುದಾದರೆ ಶುಚಿ ಮಾಡಿ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ, ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಬೇಡ.