‘ಲಾಯ್ಕಿದ್ದು’ ಅಂದ ಮೇಲೆ ಇನ್ನೇನು ಹೇಳಬೇಕು?

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡಿನ ಕಡೆ ಕ್ಯಾಮೆರಾ ಹಿಡಿದವರಿಗೆ ಸ್ವಲ್ಪ ಬಿಡುವು. ಬೇಕಲದ ಕಡಲ ದಂಡೆಯಲ್ಲಿ ಸೂರ್ಯಾಸ್ತ ಸಿಗುವುದಿಲ್ಲ. ಪೊಸಡಿಗುಂಪೆ ಗುಡ್ಡ ಹತ್ತಿದರೆ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ನಮ್ಮ ಏಳೆಂಟು ಜನರ ಗುಂಪು ತೆಗೆದ ಫೋಟೊಗಳನ್ನು ತೋರಿಸಿ ಮಾತಾಡಲು ಯಾರದಾದರೂ ಮನೆಯ ಜಗಲಿಯಲ್ಲಿ ಸೇರುವುದು ಈ ಮಳೆಗಾಲದಲ್ಲೇ. ಅಡಿಕೆ ಕೃಷಿಕರು, ಒಬ್ಬರು ಮಾಷ್ಟ್ರು, ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜಿಗೆ ಹೋಗುವ ಮಕ್ಕಳು ಇದ್ದಾರೆ. ಫೋಟೊ ತೆಗೆದೇ ಬದುಕುವವರು ಯಾರೂ ಇಲ್ಲ.

ಮೊದಲ ವರ್ಷ ನಾವು ಆಡಿದ್ದು ಮೂರೇ ಮಾತು. ತುಳುವಿನವರು ‘ಎಡ್ಡೆ ಉಂಡು’ ಅಂದರು, ಮಲಯಾಳದವರು ‘ಕೊಳ್ಳಾಂ’ ಅಂದರು, ಹವ್ಯಕರು ‘ಲಾಯ್ಕಿದ್ದು’ ಅಂದರು. ಮೂರು ಭಾಷೆಯಲ್ಲಿ ಹೊಗಳಿಸಿಕೊಂಡರೂ ಫೋಟೊ ತೆಗೆದವರಿಗೆ ಏನೂ ತಿಳಿಯಲಿಲ್ಲ. ಎರಡನೇ ವರ್ಷ ತಪ್ಪು ಹುಡುಕಲು ಹೊರಟೆವು. ಇಬ್ಬರು ಬರುವುದನ್ನೇ ಬಿಟ್ಟರು. ಅದಾದ ಮೇಲೆ ಒಂದೊಂದಾಗಿ ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮೂರಲ್ಲೂ ನಾಲ್ಕು ಜನ ಸೇರಿದರೆ ಇದನ್ನು ಮಾಡಬಹುದು.

ಎಲ್ಲರೂ ಒಂದೇ ಚಿತ್ರ ನೋಡಿ

ಫೋಟೊವನ್ನು ಸುಮ್ನೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಕುಗ್ಗುತ್ತದೆ, ಸಣ್ಣ ವಿವರಗಳು ಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲ್ ಹಾಗೇ ತಲುಪುತ್ತದೆ. ಅಷ್ಟಾದರೂ ಒಬ್ಬೊಬ್ಬರ ಮೊಬೈಲಿನಲ್ಲಿ ಬಣ್ಣ ಒಂದೊಂದು ಥರ. ಒಬ್ಬರಿಗೆ ಕತ್ತಲೆ ಅನಿಸಿದ್ದು ಇನ್ನೊಬ್ಬರಿಗೆ ಸರಿ ಇರುತ್ತದೆ. ಆದ್ದರಿಂದ ಒಂದೇ ಲ್ಯಾಪ್‌ಟಾಪ್ ಇಡಿ, ಬ್ರೈಟ್‌ನೆಸ್ ಬದಲಾಯಿಸಬೇಡಿ. 8×12 ಇಂಚಿನ ಪ್ರಿಂಟ್ ಹಾಕಿಸಿ ತಂದರೆ ಇನ್ನೂ ಒಳ್ಳೆಯದು. ಕಾಗದದ ಮೇಲಿನ ಚಿತ್ರವನ್ನು ಜನ ಜಾಸ್ತಿ ಹೊತ್ತು ನೋಡುತ್ತಾರೆ. ಒಬ್ಬರಿಗೆ ಮೂರು ಚಿತ್ರ ಸಾಕು.

ತಂದವರು ಒಂದು ಪ್ರಶ್ನೆ ಇಡಬೇಕು

‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಉತ್ತರ ಬರುತ್ತದೆ. ‘ಹಿಂದಿನ ಕರೆಂಟು ಕಂಬ ಕಣ್ಣಿಗೆ ಚುಚ್ಚುತ್ತದಾ?’, ‘ಚೆಂಡೆಯವರ ಕೈ ಮಸುಕಾಗಿರುವುದು ತಪ್ಪು ಅನಿಸುತ್ತದಾ, ವೇಗ ಅನಿಸುತ್ತದಾ?’ ಅಂತ ಕೇಳಿ ನೋಡಿ. ನೋಡುವವರ ಕಣ್ಣಿಗೆ ಒಂದು ಕೆಲಸ ಸಿಗುತ್ತದೆ. ಪ್ರಶ್ನೆ ಇಟ್ಟ ಮೇಲೆ ತಂದವರು ಸುಮ್ಮನಿರಬೇಕು. ಎಷ್ಟು ಗುಡ್ಡ ಹತ್ತಿದೆ, ಎಷ್ಟು ಹೊತ್ತು ಕಾದೆ ಅನ್ನುವುದು ಚಿತ್ರದೊಳಗೆ ಇಲ್ಲ. ಆ ಕಥೆಯನ್ನು ಚಹಾ ಕುಡಿಯುವಾಗ ಹೇಳೋಣ.

ಕಂಡದ್ದನ್ನು ಮೊದಲು ಹೇಳಿ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಚಿತ್ರ ಹೇಗಿರಬೇಕಿತ್ತು ಅಂತ ಹೇಳುವ ಮೊದಲು, ಅದರಲ್ಲಿ ನಿಮಗೆ ಏನು ಕಂಡಿತು ಅಂತ ಹೇಳಿ. ಕಣ್ಣು ಮೊದಲು ಎಲ್ಲಿ ಹೋಯಿತು? ಆಮೇಲೆ ಎಲ್ಲಿಗೆ ಸರಿಯಿತು? ಎಲ್ಲಿ ಸಿಕ್ಕಿಕೊಂಡಿತು? ಹೀಗೂ ಮಾಡಬಹುದು: ಚಿತ್ರವನ್ನು ಐದು ಸೆಕೆಂಡು ತೋರಿಸಿ ಮಗುಚಿಡಿ. ನೆನಪಲ್ಲಿ ಉಳಿದದ್ದೇನು ಅಂತ ಎಲ್ಲರನ್ನೂ ಕೇಳಿ. ತೆಗೆದವರು ಅಜ್ಜಿಯ ಮುಖ ತೋರಿಸಬೇಕು ಅಂದುಕೊಂಡಿದ್ದು, ನಾಲ್ಕು ಜನ ಹಿಂದಿನ ನೀಲಿ ಕೊಡ ಅಂದರೆ, ಬೇರೆ ವಿವರಣೆ ಬೇಕಾಗಿಲ್ಲ ಅಲ್ವಾ?

ನಾನಿದನ್ನು ಕಲಿತದ್ದು ಒಂದು ಸುರಂಗದ ಚಿತ್ರದಿಂದ. ನಮ್ಮ ಕಡೆ ಗುಡ್ಡದ ಮುರಕಲ್ಲನ್ನು (ಜಂಬಿಟ್ಟಿಗೆಯನ್ನು) ಅಡ್ಡಕ್ಕೆ ಕೊರೆದು ನೀರು ತರುತ್ತಾರೆ. ಆ ಸುರಂಗ ಒಬ್ಬ ಆಳು ಹೋಗುವಷ್ಟೇ ಅಗಲ. ಗುಂಪಿನ ಹುಡುಗನೊಬ್ಬ ತನ್ನ ಮಾವ ಸುರಂಗದೊಳಗೆ ಬಗ್ಗಿ ಹೋಗುವುದನ್ನು ತೆಗೆದಿದ್ದ. ಚಿತ್ರದ ಮುಕ್ಕಾಲು ಭಾಗ ಕಪ್ಪು. ನಾನು ತಕ್ಷಣ ‘ತುಂಬಾ ಕತ್ತಲೆಯಾಯಿತು, ಶ್ಯಾಡೋ ಏರಿಸು ಮಾರಾಯ’ ಅಂದೆ, ಅಂದರೆ ಕಪ್ಪು ಜಾಗಗಳನ್ನು ಬೆಳಗಿಸು ಅಂತ. ಅವನು ಮನೆಗೆ ಹೋಗಿ ಹಾಗೇ ಮಾಡಿದ. ಮುಂದಿನ ಸಲ ತಂದಾಗ ಗೋಡೆಯ ಕಲ್ಲು, ಪಿಕ್ಕಾಸಿನ ಗುರುತು ಎಲ್ಲ ಕಂಡವು. ಮಾವ ಹೋಗುತ್ತಿದ್ದ ಕತ್ತಲೆ ಮಾತ್ರ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಆ ಕತ್ತಲೆಯೇ. ನಾನು ಮೊದಲು ‘ಕಪ್ಪು ಜಾಸ್ತಿ ಕಾಣುತ್ತಿದೆ, ಒಳಗೆ ಹೋದವರು ಎಲ್ಲಿ ಮುಟ್ಟುತ್ತಾರೋ ಅಂತ ಹೆದರಿಕೆ ಆಗುತ್ತದೆ’ ಅಂದಿದ್ದರೆ, ‘ಅದೇ ಬೇಕಿತ್ತು’ ಅನ್ನುತ್ತಿದ್ದ. ನನ್ನ ಸಲಹೆಯೇ ಬೇಕಾಗುತ್ತಿರಲಿಲ್ಲ.

ವೇಷ, ಕುಣಿತ ಇಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆ ಕೇಳಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಪಾತ್ರದ ಮಾತು ಆಡುವ ಒಳ್ಳೆಯ ಅರ್ಥಧಾರಿ ಎದುರಿನವರ ಮಾತನ್ನು ಪೂರ್ತಿ ಕೇಳುತ್ತಾರೆ, ಅದೇ ಎಳೆ ಹಿಡಿದು ಉತ್ತರ ಕೊಡುತ್ತಾರೆ. ಮನೆಯಿಂದಲೇ ಕಟ್ಟಿಕೊಂಡು ಬಂದ ಮಾತು ಅಲ್ಲಿ ನಿಲ್ಲುವುದಿಲ್ಲ.

ತೊಂದರೆ ಎಲ್ಲಿ ಹುಟ್ಟಿತು ಅಂತ ಹುಡುಕಿ

‘ಶಾರ್ಪ್ ಇಲ್ಲ’ ಅನ್ನುವುದು ಅರ್ಧ ಮಾತು. ಯಾಕೆ ಇಲ್ಲ ಅಂತ ಚಿತ್ರವೇ ಹೇಳುತ್ತದೆ. ರಂಗಸ್ಥಳದ ಕಂಬ, ಭಾಗವತರು, ವೇಷ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಮಸುಕಾಗಿದ್ದರೆ ಕೈ ಅಲುಗಿದೆ. ಕಂಬ ಸರಿ ಇದ್ದು ವೇಷ ಮಾತ್ರ ಮಸುಕಾಗಿದ್ದರೆ ಶಟರ್ ವೇಗ ಸಾಲಲಿಲ್ಲ, ಅಂದರೆ ಕ್ಯಾಮೆರಾ ಬೆಳಕನ್ನು ಒಳಗೆ ಬಿಟ್ಟ ಹೊತ್ತು ಜಾಸ್ತಿಯಾಯಿತು. ವೇಷದ ಮುಖ ಮಸುಕು, ಹಿಂದಿನ ಪರದೆ ಸ್ಪಷ್ಟ ಅಂದರೆ ಫೋಕಸ್ ತಪ್ಪಿದೆ. ಮೂರಕ್ಕೂ ಮದ್ದು ಬೇರೆ. ಕೈ ಅಲುಗಿದ್ದರೆ 200 ಎಂಎಂ ಲೆನ್ಸಿಗೆ ಕನಿಷ್ಠ 1/200 ಸೆಕೆಂಡು ಇಡಿ ಅನ್ನುವ ಹಳೇ ಲೆಕ್ಕ ಹೇಳಬಹುದು. ಪುಂಡುವೇಷದ (ಯುವ ವೀರರ ಪಾತ್ರದ) ಧೀಂಗಿಣವನ್ನು, ಅಂದರೆ ಗಿರಗಿರ ಸುತ್ತುವ ನೆಗೆತವನ್ನು, ಹಿಡಿದು ನಿಲ್ಲಿಸಬೇಕಿದ್ದರೆ 1/500 ಅಥವಾ ಅದಕ್ಕೂ ವೇಗ ಬೇಕು. ಈ ಅಂಕಿಗಳೆಲ್ಲ ಫೈಲಿನ ಒಳಗೇ ಇರುತ್ತವೆ. ಮೊಬೈಲಿನಲ್ಲಿ ಚಿತ್ರದ ಡೀಟೇಲ್ಸ್ ತೆರೆದರೆ ಶಟರ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಂಕಿ) ಎಲ್ಲ ಕಾಣುತ್ತದೆ. ಊಹೆ ಮಾಡುವ ಬದಲು ಅದನ್ನು ನೋಡಿ ಮಾತಾಡಿ.

ಯಕ್ಷಗಾನದ ಆಟದ ಚಿತ್ರಗಳಲ್ಲಿ ಇನ್ನೆರಡು ತೊಂದರೆ ಮತ್ತೆ ಮತ್ತೆ ಬರುತ್ತವೆ. ಒಂದು ಕೆಂಪು. ಕಿರೀಟ, ದಗಲೆಯ (ವೇಷದ ಅಂಗಿಯ) ಕೆಂಪಿನ ಮೇಲೆ ಜೋರು ಬೆಳಕು ಬಿದ್ದಾಗ ಕ್ಯಾಮೆರಾದಲ್ಲಿ ಕೆಂಪು ಬಣ್ಣವೇ ಮೊದಲು ತುಂಬಿ ಹೋಗುತ್ತದೆ. ನೇಯ್ಗೆ, ಮಣಿ ಏನೂ ಕಾಣದೆ ಬರೀ ಕೆಂಪು ಮುದ್ದೆಯಾಗುತ್ತದೆ. ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ, ಅಂದರೆ ಬೆಳಕು ಕಡಿಮೆ ಬಿಟ್ಟು, ತೆಗೆದರೆ ಇದು ತಪ್ಪುತ್ತದೆ. ಎರಡನೆಯದು ಅಡ್ಡ ಪಟ್ಟೆ. ನಮ್ಮ ಕರೆಂಟು 50 ಹರ್ಟ್ಸ್. ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ ಜಾಸ್ತಿಯಾದರೆ ಆ ಮಿನುಗು ಪಟ್ಟೆಯಾಗಿ ಬೀಳುತ್ತದೆ. 1/100 ಇಟ್ಟರೆ ಪಟ್ಟೆ ಹೋಗುತ್ತದೆ, ಆದರೆ ಧೀಂಗಿಣ ಮಸುಕಾಗುತ್ತದೆ. ಇಲ್ಲಿ ಸರಿ ಉತ್ತರ ಒಂದೇ ಇಲ್ಲ. ಯಾವುದನ್ನು ಬಿಡಲು ಮನಸ್ಸಿದೆ ಅಂತ ತೆಗೆದವರನ್ನೇ ಕೇಳಬೇಕು.

ಮನೆಯಲ್ಲಿ ಕೂತು ಸರಿ ಮಾಡಬಹುದಾದದ್ದನ್ನೂ ಮತ್ತೆ ಹೋಗಿಯೇ ತೆಗೆಯಬೇಕಾದದ್ದನ್ನೂ ಬೆರೆಸಬೇಡಿ. ಬೇಕಲದಲ್ಲಿ ಸಮುದ್ರದ ಗೆರೆ ಓರೆಯಾಗಿದ್ದರೆ ಒಂದು ನಿಮಿಷದಲ್ಲಿ ನೆಟ್ಟಗೆ ಮಾಡಬಹುದು. ಆಕಾಶ ಪೂರಾ ಬಿಳಿಯಾಗಿ ಹೋಗಿದ್ದರೆ ಜೆಪೆಗ್ ಅನ್ನುವ ಮಾಮೂಲಿ ಫೋಟೊ ಫೈಲಿನಲ್ಲಿ ವಾಪಸ್ ಬರುವುದಿಲ್ಲ. ಅಡಿಕೆ ತೋಟದಲ್ಲಿ ನಡು ಮಧ್ಯಾಹ್ನ ತೆಗೆದ ಮುಖದ ಮೇಲೆ ಬಿಸಿಲಿನ ಚುಕ್ಕೆ ಬಿದ್ದಿದ್ದರೆ ಅದೂ ಹೋಗುವುದಿಲ್ಲ. ‘ಮುಂದಿನ ಸಲ ಅವರನ್ನು ಚುಕ್ಕೆ ಇಲ್ಲದ ನೆರಳಿಗೆ ಕರೆಯಿರಿ’ ಅಂದರೆ ಅವರಿಗೆ ಒಂದು ದಾರಿ ಸಿಕ್ಕಿತು.

ಸಣ್ಣವರು ಮೊದಲು ಮಾತಾಡಲಿ

ಮಾಷ್ಟ್ರು ಮಾತಾಡಿದ ಮೇಲೆ ಅವರ ಹಳೇ ಶಿಷ್ಯ ಬಾಯಿ ಬಿಡುವುದಿಲ್ಲ. ಇದು ನಮ್ಮ ಊರಿನ ಮರ್ಯಾದೆ, ಅದನ್ನು ಬಿಡಿ ಅಂತ ಹೇಳಲಾರೆ. ಸಾಲನ್ನು ತಿರುಗಿಸಿದರೆ ಸಾಕು. ವಯಸ್ಸಿನಲ್ಲಿ ಸಣ್ಣವರು ಮೊದಲು, ದೊಡ್ಡವರು ಕೊನೆಗೆ. ಕಾಲೇಜಿನ ಹುಡುಗಿಯೊಬ್ಬಳು ‘ಮಾಷ್ಟ್ರೇ, ನನ್ನ ಕಣ್ಣು ಈ ಬಾಳೆ ಎಲೆಯ ಹತ್ತಿರವೇ ನಿಂತಿತು’ ಅಂದಾಗ ಅವರು ಕನ್ನಡಕ ಸರಿಸಿ ಮತ್ತೆ ನೋಡಿದರು. ಅವಳು ಅವರ ತಪ್ಪು ಹೇಳಲಿಲ್ಲ, ತನ್ನ ಕಣ್ಣಿನ ಕಥೆ ಹೇಳಿದಳು. ಯಾರಿಗೂ ಬೇಜಾರಾಗಲಿಲ್ಲ.

ಹೊಸಬರಿಗೆ ಒಂದು ಸಲಕ್ಕೆ ಒಂದೇ ಸಲಹೆ. ಆರು ಹೇಳಿದರೆ ಆರನ್ನೂ ಮರೆಯುತ್ತಾರೆ.

ಕೇಳಿಸಿಕೊಂಡವರು ಒಂದು ರಾತ್ರಿ ಬಿಡಿ

ಸಲಹೆಗಳನ್ನು ಬರೆದುಕೊಳ್ಳಿ. ಆಗಲೇ ಒಪ್ಪಬೇಕಾಗಿಲ್ಲ, ವಾದಿಸಬೇಕಾಗಿಯೂ ಇಲ್ಲ. ಮಾರನೇ ದಿನ ಓದಿದರೆ ಸಿಟ್ಟು ಇಳಿದಿರುತ್ತದೆ. ಮೂರು ಜನ ಚಿತ್ರದ ಒಂದೇ ಜಾಗದಲ್ಲಿ ತಡವರಿಸಿದ್ದರೆ ಅಲ್ಲಿ ಏನೋ ಇದೆ ಅಂತ ನಂಬಿ. ಅವರು ಹೇಳಿದ ಪರಿಹಾರ ಮೂರು ಥರ ಇರಬಹುದು, ಮೂರೂ ನಿಮಗೆ ಹಿಡಿಸದೆ ಹೋಗಬಹುದು. ಜಾಗ ಮಾತ್ರ ಸುಳ್ಳಲ್ಲ.

ಕೆಲವು ಚಿತ್ರಗಳಿಗೆ ಈ ಯಾವ ಅಳತೆಯೂ ಬೇಡ. ಕುಂಬಳೆ ಹತ್ತಿರದ ಅನಂತಪುರ ಕ್ಷೇತ್ರದ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಿತು. ನಮ್ಮ ಗುಂಪಿನ ಅಕ್ಕನೊಬ್ಬರು ಅದಕ್ಕೂ ಹಿಂದೆ ಮೊಬೈಲಿನಲ್ಲಿ ತೆಗೆದದ್ದೊಂದು ಇದೆ. ನೀರಿನ ಮೇಲೆ ಮೂಗು, ಕಣ್ಣು, ಅಷ್ಟೇ. ಫೋಕಸ್ ಕೂಡ ಇಲ್ಲ. ಅದನ್ನು ತಂದ ದಿನ ಅವರು ‘ಇದಕ್ಕೆ ಪ್ರಶ್ನೆ ಇಲ್ಲ, ತೋರಿಸುವುದಕ್ಕೆ ಮಾತ್ರ ತಂದೆ’ ಅಂದರು. ನಾವು ನೋಡಿದೆವು, ಬಬಿಯಾನ ಬಗ್ಗೆ ಅರ್ಧ ಗಂಟೆ ಮಾತಾಡಿದೆವು. ಸಲಹೆ ಬೇಡ ಅಂತ ಹೇಳುವ ಹಕ್ಕು ತಂದವರಿಗೆ ಇರಬೇಕು.

ಉಳಿದ ಚಿತ್ರಗಳಲ್ಲಿ ಒಂದು ಸಲಹೆ ಆರಿಸಿ ಪ್ರತಿಯ ಮೇಲೆ ಮಾಡಿ ನೋಡಿ, ಮೂಲ ಫೈಲ್ ಮುಟ್ಟಬೇಡಿ. ಮುಂದಿನ ಸಲ ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಡಿ. ಯಾವುದು ಹೊಸದು ಅಂತ ಹೇಳಬೇಡಿ. ನಮ್ಮ ಜಗಲಿಯಲ್ಲಿ ಸುರಂಗದ ಎರಡು ಪ್ರಿಂಟ್ ಹಾಗೆ ಇಟ್ಟಾಗ ಎಲ್ಲರ ಕೈಯೂ ಹೋದದ್ದು ಕಪ್ಪು ಜಾಸ್ತಿ ಇದ್ದದ್ದರ ಕಡೆಗೆ. ಅದನ್ನು ಹತ್ತಿರ ಹಿಡಿದು ನೋಡಿದಾಗ ಅಡಿಯಲ್ಲಿ ನೀರಿನ ಒಂದು ಸಣ್ಣ ಗೆರೆ ಹೊಳೆಯುತ್ತಿತ್ತು. ಮೊದಲ ಸಲ ಅದನ್ನು ನಾನು ನೋಡಿರಲೇ ಇಲ್ಲ.